ಟ್ರ್ಯಾಕ್ಟರ್ ಕೆಂಪಿನ ಗಿಟಾರ್

ನಮ್ಮ ಓಣಿಯಲ್ಲಿ ಹೇಳುವ ಕತೆ ಹೀಗಿದೆ: ಐದು ಸಾವಿರಕ್ಕೂ ಯಾರೂ ಕೇಳದಿದ್ದ ಹಳೆಯ ಗಿಟಾರನ್ನು ಮಾಸ್ತರರ ಮಗಳು ಬರೀ ಬಾಯಿಯ ಬಲದಿಂದ ಹದಿನೈದು ಸಾವಿರಕ್ಕೆ ಮಾರಿಕೊಟ್ಟಳು. ಆ ಮಗಳು ನಾನು. ಈ ಕತೆಯಲ್ಲಿ ಹದಿನೈದು ಸಾವಿರ ಎಂಬುದೊಂದೇ ನಿಜ. ಉಳಿದದ್ದನ್ನು ಯಾರಾದರೂ ಎದುರು ಪಕ್ಷದಲ್ಲಿ ನಿಂತು ಪ್ರಶ್ನಿಸಬೇಕಿತ್ತು. ಯಾರೂ ನಿಲ್ಲಲಿಲ್ಲ. ಈಗ ನಾನೇ ನಿಲ್ಲುತ್ತೇನೆ.

ಗಿಟಾರ್ ಕೊಪ್ಪಳದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಚಾಚಾ ಅವರದು. 1997ರಲ್ಲಿ ಮುನಿರಾಬಾದಿನ ಡ್ಯಾಮ್ ಕಾಲೊನಿಯಿಂದ ವರ್ಗವಾಗಿ ಹೊರಟಿದ್ದ ಎಂಜಿನಿಯರರೊಬ್ಬರ ಮನೆಯಲ್ಲಿ ಅದನ್ನು ಕೊಂಡಿದ್ದರು. ಆಗಲೇ ಅದು ಹಳೆಯದು. ಜಪಾನಿನಲ್ಲಿ ಮಾಡಿದ ಎಲೆಕ್ಟ್ರಿಕ್ ಗಿಟಾರ್. ಅಂಚಿಗೆ ಕಪ್ಪು, ನಡುವೆ ಜೇನಿನ ಬಣ್ಣ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಾಗ ಕಂಡಕ್ಟರ್, ‘ಕೂಸಿಗೆ ಎಷ್ಟು ವರ್ಸರಿ?’ ಎಂದು ಕೇಳಿದ್ದನಂತೆ. ನಾನು ಹುಟ್ಟುವ ಮೊದಲಿನ ಮಾತು. ಅಲ್ಲಿಂದ ಇಪ್ಪತ್ತು ವರ್ಷ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎನ್ನದೆ ಮದುವೆ, ಉರುಸು, ಗಣಪತಿ ಪೆಂಡಾಲುಗಳ ರಸಮಂಜರಿಗಳಲ್ಲಿ ಚಾಚಾ ಅದನ್ನೇ ನುಡಿಸಿದರು. ಬಲಗೈ ಊರುತ್ತಿದ್ದ ಕಡೆ ಬಣ್ಣ ಸವೆದು ಅಂಗೈಯಗಲ ಮರ ಕಾಣುತ್ತಿತ್ತು.

ಆಮೇಲೆ ಗಿಟಾರಿನ ಸದ್ದನ್ನೂ ತಾನೇ ಹೊರಡಿಸುವ ಕೀಬೋರ್ಡುಗಳು ಬಂದವು. ಗಂಗಾವತಿಯ ಆರ್ಕೆಸ್ಟ್ರಾ ಮಾಲೀಕ ಚಾಚಾಗೆ ನೇರವಾಗಿಯೇ ಹೇಳಿದ್ದ: ‘ಕೀಬೋರ್ಡ್ ತಗೊಂಡು ಬಂದ್ರ ನಿಮಗ ಜಾಗಾ ಐತ್ರಿ. ಗಿಟಾರ್ ತಗೊಂಡು ಬಂದ್ರ ಊಟ ಐತಿ.’ ಚಾಚಾ ಈ ಮಾತನ್ನು ನಗುತ್ತಲೇ ನಮಗೆ ಹೇಳುತ್ತಿದ್ದರು. ಆದರೆ ಐವತ್ತು ದಾಟಿದ ಮೇಲೆ ಕೂತು ಕೀಬೋರ್ಡ್ ಕಲಿತರು. ಅದೇ ಗಂಗಾವತಿಯಲ್ಲಿ ಒಬ್ಬರು ತಮ್ಮ ಕೀಬೋರ್ಡನ್ನು ಮೂವತ್ತೈದು ಸಾವಿರಕ್ಕೆ ಕೊಡಲು ಒಪ್ಪಿ, ಮದುವೆ ಸುಗ್ಗಿ ಶುರುವಾಗುವವರೆಗೆ ಕಾಯುತ್ತೇನೆ ಎಂದರು. ಗಿಟಾರ್ ಅಷ್ಟಕ್ಕೆ ಹೋದರೆ ಚಾಚಾ ಮತ್ತೆ ವೇದಿಕೆ ಹತ್ತುತ್ತಾರೆ, ಇಲ್ಲವಾದರೆ ಇಲ್ಲ. ಲೆಕ್ಕ ಇಷ್ಟೇ ಇತ್ತು.

ಮಾರುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಮ್ಮ ಮನೆಯ ಟಿವಿ ಮೇಲೆ ಜಾಗ ಸಾಲದೆ ಫ್ರಿಜ್ ಮೇಲೆ ಹತ್ತಿದ್ದವು. ಚಾಚಾ ನನ್ನನ್ನು ಕರೆಯುತ್ತಿದ್ದದ್ದೇ ‘ವಕೀಲ್ರ’ ಎಂದು. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಎರಡು ದಿನ ಬೇರೆ ಗಿಟಾರುಗಳ ಬೆಲೆ ನೋಡಿದೆ. ಜನ ಹಾಕುವ ಬೆಲೆಯೇ ಬೇರೆ, ಅವರ ಕೈಗೆ ಬರುವ ಬೆಲೆಯೇ ಬೇರೆ ಎಂಬುದು ಗೊತ್ತಾಯಿತು. ಫೋಟೊ ತೆಗೆದು ನಲವತ್ತು ಸಾವಿರ ಎಂದು ಹಾಕಿದೆ. ಉತ್ತರಗಳು ಬಂದವು. ‘ಲಾಸ್ಟ್ ಪ್ರೈಸ್?’ ‘ಐದು ಸಾವಿರಕ್ಕ ಕೊಡ್ತೀರೇನು?’ ‘ಹಳೇ ಮೊಬೈಲ್ ಕೊಡ್ತೀನಿ, ಅದಲಿ ಬದಲಿ ಆಗತೈತೇನ್ರಿ?’

ನಾಲ್ಕನೆಯ ದಿನ ಹುಬ್ಬಳ್ಳಿಯಿಂದ ಒಬ್ಬರು ಬರೆದರು: ‘ಮೇಲಿನ ಬಣ್ಣ ಮೊದಲಿಂದ ಏನ್ರಿ? ಹಿಂದಿನ ಬಾಜೂದ್ದೂ ಫೋಟೊ ಕಳಸ್ರಿ.’

ತಪ್ಪು ನಡೆದದ್ದು ಇಲ್ಲಿ. ಅದನ್ನು ನಾನು ಪ್ರಶ್ನೆ ಎಂದು ಓದಲಿಲ್ಲ, ಆಕ್ಷೇಪ ಎಂದು ಓದಿದೆ. ನಮ್ಮ ಕಡೆ ಹಳೆಯ ಟ್ರ್ಯಾಕ್ಟರ್ ನೋಡಲು ಬಂದವನು ಮೊದಲು ಬಾನೆಟ್ಟಿನ ಮೇಲೆ ಬೆರಳಾಡಿಸಿ ‘ಬಣ್ಣ ಹೋಗೇತಲ್ರಿ’ ಎನ್ನುತ್ತಾನೆ. ಎಂದರೆ ಚೌಕಾಶಿ ಶುರುವಾಯಿತು ಎಂದೇ. ಎದುರಿನವರು ಎತ್ತಬಹುದಾದ ಅಂಶವನ್ನು ಅವರು ಏಳುವ ಮೊದಲೇ ಕಿತ್ತುಕೊಳ್ಳಬೇಕು ಎಂದು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನನಗೆ ಕಲಿಸಿದ್ದರು. ‘ಯಾಕೆ ಕೇಳ್ತೀರಿ?’ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ.

ಆ ಸಂಜೆ ಚಾಚಾ ಮನೆಯಲ್ಲಿ ನನ್ನ ವಾದ ಮಂಡಿಸಿದೆ: ಮಾರುವ ಮೊದಲು ಬಣ್ಣ ಹೊಡೆಸಬೇಕು.

‘ಬ್ಯಾಡ ಬಿಡವಾ,’ ಎಂದರು ಚಾಚಾ. ‘ಹಳೇದು ಹಳೇದರಂಗ ಇರ್ಲಿ. ತಗೊಳ್ಳಾವ ನೋಡೇ ತಗೊಳ್ಳಲಿ.’

‘ಹಂಗಾರ ನಿಮ್ಮ ಬೈಕ್ ಮಾರೂಮುಂದ ಪಾಲಿಶ್ ಯಾಕ ಹೊಡಿಸಿದ್ರಿ ಚಾಚಾ?’

‘ಅದು ಬೈಕ್, ಇದು ಬಾಜಾ.’

‘ಎರಡೂ ಮಾರೋ ಸಾಮಾನ. ಫರಕ್ ಏನೈತಿ ಹೇಳ್ರಿ.’

ಅವರು ಗಿಟಾರಿನ ಸವೆದ ಜಾಗದ ಮೇಲೆ ಅಂಗೈ ಇಟ್ಟರು. ‘ಫರಕ್ ಐತಿ. ನನಗ ಹೇಳಾಕ ಬರವಲ್ದು.’

‘ಹೇಳಾಕ ಬರದ್ದು ವಾದ ಅಲ್ರಿ ಚಾಚಾ.’

ಚಾಚಿ ಒಳಗಿಂದಲೇ ನಕ್ಕರು. ‘ಸೋತ್ರಿ ನೋಡ್ರಿ! ಇಪ್ಪತ್ತೆಂಟು ವರ್ಸದಾಗ ನನಗೂ ಹಿಂಗ ಬಾಯಿ ಮುಚ್ಚಸಾಕ ಆಗಿಲ್ಲ.’ ಚಾಚಾ ಕೂಡ ನಕ್ಕು, ‘ಆತು ವಕೀಲ್ರ, ನಿಮ್ಮ ಮಾತ ಖರೇ,’ ಎಂದರು. ನಾನು ಹಿಗ್ಗಿದೆ. ಅದನ್ನು ಈಗ ಮುಚ್ಚಿಟ್ಟರೆ ಈ ಬರಹವೂ ಓಣಿಯ ಕತೆಯೇ ಆಗುತ್ತದೆ.

ಹಿಟ್ನಾಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಟ್ರೇಲರುಗಳಿಗೆ ಬಣ್ಣ ಹೊಡೆಯುವವನಿದ್ದಾನೆ. ಗಿಟಾರನ್ನು ತಿರುಗಿಸಿ ನೋಡಿ, ‘ಅಕ್ಕಾರ, ಅಂಚಿಗೆ ಹೂಬಳ್ಳಿ ಬಿಡ್ಲೇನ್ರಿ? ಹಿಂದ ಮನಿದೇವ್ರ ಹೆಸರು?’ ಎಂದ. ಬೇಡ, ಕೆಂಪು ಸಾಕು ಎಂದೆ. ಅವನು ಉಪ್ಪುಕಾಗದ ಹಚ್ಚಿ ಉಜ್ಜತೊಡಗಿದ. ಜೇನಿನ ಬಣ್ಣ ಪುಡಿಯಾಗಿ ಅವನ ಮೊಣಕೈವರೆಗೂ ಕೂತಿತು. ಚಾಚಾ ಅಲ್ಲಿ ನಿಲ್ಲದೆ ಚಹಾದಂಗಡಿಗೆ ಹೋದರು. ಮೂರನೆಯ ದಿನ ಗಿಟಾರ್ ಹೊಸ ಟ್ರ್ಯಾಕ್ಟರಿನಂತೆ ಫಳಫಳ ಹೊಳೆಯುತ್ತಿತ್ತು. ಫೋಟೊ ತೆಗೆದು, ಮುಂದಿನದು ಹಿಂದಿನದು ಎರಡನ್ನೂ ಹುಬ್ಬಳ್ಳಿಗೆ ಕಳಿಸಿದೆ.

ಅವರು ಬರೆಯಲಿಲ್ಲ, ಫೋನೇ ಮಾಡಿದರು.

‘ಯಾಕ್ರಿ ಹಿಂಗ ಮಾಡಿದ್ರಿ?’ ಸತ್ತವರ ಸುದ್ದಿ ಕೇಳಿದವರ ದನಿ. ‘ಇಂಥಾ ಹಳೇ ಗಿಟಾರಿಗೆ ಮೊದಲಿನ ಬಣ್ಣಾನ ಬೆಲೀರಿ. ಅದು ಇದ್ದಿದ್ರ ನಾಳೆನ ನಲವತ್ತು ತಗೊಂಡು ಬರಾವ ಇದ್ದೆ. ಚೌಕಾಶೀನೂ ಮಾಡ್ತಿದ್ದಿಲ್ಲ. ಈಗ ಹದಿನೈದರ ಮ್ಯಾಲ ಆಗೂದಿಲ್ರಿ.’

ಆಗಲಾದರೂ ಸುಮ್ಮನಾಗಬೇಕಿತ್ತು. ನಾನು ಅವರೊಂದಿಗೂ ವಾದಕ್ಕಿಳಿದೆ. ತಂತಿ ಅದೇ, ಮರ ಅದೇ, ಒಳಗಿನ ವೈರೂ ಅದೇ. ನುಡಿಯುವ ಸದ್ದಿನಲ್ಲಿ ಬದಲಾವಣೆ ಇಲ್ಲದ ಮೇಲೆ ಬೆಲೆ ಯಾಕೆ ಬದಲಾಗಬೇಕು?

‘ವಾದ ನಿಮ್ದ ಖರೇ ಐತ್ರಿ,’ ಎಂದರು ಅವರು. ‘ರೊಕ್ಕ ನಂದು.’

ಮದುವೆ ಸುಗ್ಗಿಗೆ ಎರಡೇ ವಾರ ಉಳಿದಿತ್ತು. ಬೇರೆ ಯಾರೂ ಅಷ್ಟನ್ನೂ ಕೇಳಲಿಲ್ಲ. ಹದಿನೈದಕ್ಕೇ ಕೊಟ್ಟೆವು. ಚಾಚಾ ‘ಅಷ್ಟೇ ಏನವಾ?’ ಎಂದದ್ದಕ್ಕೆ, ‘ಇವತ್ತಿನ ಮಾರ್ಕೆಟ್ ಇಷ್ಟ ಐತಿ ಚಾಚಾ’ ಎಂದೆ. ಬಣ್ಣದ ಮಾತು ಎತ್ತಲಿಲ್ಲ. ಪದಪದವಾಗಿ ನೋಡಿದರೆ ನಾನು ಹೇಳಿದ್ದು ಸುಳ್ಳಲ್ಲ ಎಂದು ಎಷ್ಟೋ ದಿನ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆ ಕೀಬೋರ್ಡು ಸಿಂಧನೂರಿನ ಯಾರದೋ ಮನೆಗೆ ಹೋಯಿತು. ಚಾಚಾ ಮಾತ್ರ ಓಣಿಯಲ್ಲಿ ಕಂಡಕಂಡವರಿಗೆ, ‘ಐದರ ಮ್ಯಾಲ ಯಾವನೂ ಬಂದಿದ್ದಿಲ್ಲ, ಈ ಹುಡುಗಿ ಹದಿನೈದು ಕೊಡಿಸ್ಯಾಳ’ ಎಂದು ಹೇಳಿದರು. ಹೊಲಿಗೆ ಯಂತ್ರ, ಕೂಲರ್ ಹಿಡಿದು ಜನ ನಮ್ಮ ಮನೆಗೆ ಬರತೊಡಗಿದರು. ಅಪ್ಪ ಹೆಮ್ಮೆಪಟ್ಟ. ನಾನು ಪರೀಕ್ಷೆಯ ನೆಪ ಹೇಳಿ ಒಬ್ಬೊಬ್ಬರನ್ನೇ ತಪ್ಪಿಸಿದೆ.

ಹೋದ ತಿಂಗಳು ಕುಷ್ಟಗಿಯಲ್ಲಿ ಗೆಳತಿಯ ಮದುವೆ. ಚಾಚಾ ಈಗ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ದಿನಗೂಲಿಗೆ ಇದ್ದಾರೆ ಎಂಬುದು ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ವೇದಿಕೆಯ ಹಿಂದೆ ನೆಲದ ಮೇಲೆ ಕೂತು, ಬೇರೆ ಯಾರದೋ ಕೀಬೋರ್ಡಿನ ವೈರಿಗೆ ಟೇಪ್ ಸುತ್ತುತ್ತಿದ್ದರು. ನನ್ನನ್ನು ಕಂಡು, ‘ಬರ್ರಿ ವಕೀಲ್ರ, ಊಟ ಆತೇನು? ಜಿಲೇಬಿ ಛಲೋ ಅದಾವ,’ ಎಂದರು.

ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಹುಬ್ಬಳ್ಳಿಯವರ ಫೋನು, ನಲವತ್ತು, ಕೆಂಪು ಬಣ್ಣ. ಕ್ಷಮಿಸಿ ಎಂದೆ, ಸ್ಪೀಕರಿನ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಚಾಚಾ ಟೇಪನ್ನು ಹಲ್ಲಿನಿಂದ ಹರಿದರು.

‘ಹೌದೇನು?’ ಎಂದರು. ‘ಆ ವೈರ್ ಸ್ವಲ್ಪ ಎತ್ತಿ ಹಿಡಿಯವಾ.’

ಎತ್ತಿ ಹಿಡಿದೆ. ಅವರು ಇನ್ನೊಂದು ಸುತ್ತು ಸುತ್ತಿದರು. ಕೇಳಿಯೇಬಿಟ್ಟೆ:

‘ಚಾಚಾ, ಅವತ್ತ ನನ್ನ ಮಾತು ಖರೇ ಅನಿಸಿ ಹೂಂ ಅಂದ್ರೋ, ಇಲ್ಲಾ ಇಕಿ ಜೋಡಿ ಮಾತಾಡಿ ಉಪಯೋಗ ಇಲ್ಲ ಅಂತ ಸುಮ್ಮನಾದ್ರೋ?’