ಮಾಮನ ಹೊಟ್ಟೆಯ ಕೋಟಿ ಆಳುಗಳು

ನಗಬೇಡ್ರಪ್ಪಾ, ತಪ್ಪು ನನ್ನದೇ. ಇವತ್ತು ಬೆಳಿಗ್ಗೆ ಕುರುಗೋಡಿನ ಅಕ್ಕನ ಮನೆಗೆ ಹೋದರೆ, ಅವಳ ಗಂಡ, ನಮ್ಮ ಮಾಮ, ಒಂದು ತಟ್ಟೆ ಮಿರ್ಚಿ ಬಜ್ಜಿ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದರು.

ಮಾಮನ ಅದಿರು ಲಾರಿ ಒಂದಿದ್ದದ್ದು ನಾಲ್ಕಾಯಿತು. ಹೊಟ್ಟೆಯೂ ಅದೇ ಲೆಕ್ಕದಲ್ಲಿ ಬೆಳೆಯಿತು. ಬಳ್ಳಾರಿಯ ಡಾಕ್ಟರು ಹೋದ ತಿಂಗಳು, "ಶುಗರ್ ಬಾಗಿಲ ಮುಂದ ನಿಂತೈತ್ರಿ. ಕರಿದದ್ದು ಬಿಡ್ರಿ. ಪ್ರೋಬಯಾಟಿಕ್ ತಗೊಳ್ರಿ, ಬೊಜ್ಜು ಏರದಂಗ ತಡಿಯಾಕ ಒಂದೀಟು ಅನುಕೂಲ ಆಗಬಹುದು" ಎಂದಿದ್ದರು. ಹಾಗೆಂದರೇನು ಎಂದು ಮಾಮ ನನ್ನನ್ನು ಕೇಳಿದಾಗ, "ಮೊಸರಿನಾಗ ಇರ್ತಾವಲ್ಲ, ಅಂಥ ಒಳ್ಳೇ ಸೂಕ್ಷ್ಮಜೀವಿ. ಕೋಟಿಗಟ್ಟಲೆ ಹೊಟ್ಟ್ಯಾಗ ಇಳಿದು ನಿಮ್ಮ ಕೆಲಸ ಮಾಡ್ತಾವ" ಎಂದು ವಿವರಿಸಿದವಳು ನಾನೇ.

"ಇದೇನು ಮಾಮಾ, ಮತ್ತ ಬಜ್ಜಿ?"

"ಅಲ್ಲವ್ವಾ, ಒಳಗ ಕೋಟಿ ಆಳು ಇಳಿಸೀನಿ. ಅವಕ್ಕ ಕೆಲಸ ಕೊಡಬೇಕೋ ಬ್ಯಾಡೋ? ಆಳು ಖಾಲಿ ಕುಂತ್ರ ನನಗ ಆಗಿಬರಂಗಿಲ್ಲ!"

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: "ತಿಂಗಳಾಗ ಮೂರು ಕಿಲೋ ಏರೀರಿ! ಓವರ್‌ಲೋಡ್ ಆಗೇತಿ!"

"ಬಳ್ಳಾರಿ ರಸ್ತ್ಯಾಗ ಓವರ್‌ಲೋಡ್ ಇಲ್ದ ಯಾವ ಗಾಡಿ ಓಡ್ತೈತಿ, ತೋರ್ಸು!"

ಅಕ್ಕ ಬಂದು ತಟ್ಟೆ ಕಸಿದುಕೊಂಡು, ಒಂದು ಚೊಂಬು ಮಜ್ಜಿಗೆ ಕುಕ್ಕಿದಳು. "ಇವತ್ತ ನಿಮ್ಮ ಆಳಿಗೆ ರಜಾ."

ಅವಳು ಒಳಗೆ ಹೋದದ್ದೇ ತಡ, ಮಾಮ ಚೊಂಬು ಖಾಲಿ ಮಾಡಿ ನನ್ನ ಕಡೆ ಬಾಗಿದರು. "ಮಜ್ಜಿಗ್ಯಾಗೂ ಆಳು ಇರ್ತಾವಲ್ಲ? ಈಗ ಹೊಸಾ ತಂಡ ಬಂತು. ನಿಮ್ಮಕ್ಕಗ ಗೊತ್ತಾಗದಂಗ ಇನ್ನೆರಡು ಬಜ್ಜಿ ತಾ."

ಆ ಕೋಟಿ ಆಳುಗಳು ಸಂಘ ಕಟ್ಟಿಕೊಂಡು ಮುಷ್ಕರ ಹೂಡುವ ದಿನಕ್ಕೇ ನಾನೂ ಅಕ್ಕನೂ ಕಾಯುತ್ತಿದ್ದೇವೆ.