ಹಳದಿ ಕೋಟು, ಹಳಸಿದ ಬನ್ನು

ಡಲ್ಸಿ ಪ್ರಿಂಗಲ್ ತನ್ನ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದು ಒಂದು ಪಿಯಾನೊ ಸಲುವಾಗಿ. ಅವಳು ಅಕ್ಕನ ಮಗಳ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಲೆಸ್ ಅವಳ ತಾಯಿಯ ಕಾಲದ ಪಿಯಾನೊ ಮಾರಿ ತನ್ನ ದೋಣಿಗೆ ಎಂಜಿನ್ ತಂದುಬಿಟ್ಟ. ಆ ಎಂಜಿನ್ ತಿಂಗಳು ತುಂಬುವ ಮೊದಲೇ ಕೊಲ್ಲಿಯ ತಳ ಸೇರಿತು. ಡಲ್ಸಿ ಮದುವೆ ಮುಗಿಸಿ ಬಂದ ಸಂಜೆಯೇ ಲೆಸ್‌ನ ಬೂಟು, ಗಾಳ, ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಲೆಸ್, ಇದೇ ಕ್ರಮದಲ್ಲಿ ರಸ್ತೆ ಸೇರಿದವು.

ಸಂಧಾನಕ್ಕೆ ಊರಿನ ಒಬ್ಬರೂ ಹೋಗಲಿಲ್ಲ. ಡಲ್ಸಿಯ ಬಾಯಿಗೆ ಹೆದರದವರು ನಮ್ಮ ಕಡಲತಡಿಯ ಊರು ಟ್ರೈಪಾಟ್ ಬೇಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಲೆಸ್ ಎರಡು ಬೀದಿ ಆಚೆ ಒಂದು ತುಕ್ಕು ಹಿಡಿದ ಕ್ಯಾರವಾನಿನಲ್ಲಿ ಬಿಡಾರ ಹೂಡಿದ. ಇದಾಗಿ ಮೂವತ್ತು ವರ್ಷದ ಮೇಲಾಯಿತು. ಅಂದಿನಿಂದ ಅವರಿಬ್ಬರ ನಡುವೆ ಒಂದು ಮಾತಿಲ್ಲ. ನನ್ನ ಬೇಕರಿಯಲ್ಲಿ ಎದುರಾದರೆ ಮಾತ್ರ ನನ್ನ ತಲೆ ತಿನ್ನುತ್ತಿದ್ದರು.

"ಡಗ್ಗಿ, ಆ ಮನುಷ್ಯನಿಗೆ ಹೇಳು, ನನ್ನ ಕಾಲು ತುಳೀತಾ ಇದಾನೆ."

"ಡಗ್ಗಿ, ಆ ಹೆಂಗಸಿಗೆ ಹೇಳು, ಅವಳ ಕಾಲು ಊರೆಲ್ಲಾ ಹರಡ್ಕೊಂಡಿದ್ರೆ ನಾನೇನ್ ಮಾಡ್ಲಿ?"

ಮಧ್ಯದಲ್ಲಿ ನಾನು, ಡಗ್ಲಸ್ ಫೆನ್ನೆಲ್, ಮೂರನೇ ತಲೆಮಾರಿನ ಬೇಕರಿಯವನು, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಇಬ್ಬರಿಗೂ ಸುದ್ದಿ ಮುಟ್ಟಿಸುವ ಅಂಚೆಯವನಾಗಿದ್ದೆ.

ನಮ್ಮ ಅಜ್ಜಂದಿರು ತಿಮಿಂಗಿಲ ಕೊಂದು ಬದುಕಿದವರು. ನಾವು ಅದೇ ತಿಮಿಂಗಿಲವನ್ನು ವಾರಾಂತ್ಯದ ನೆಂಟರಿಗೆ ತೋರಿಸಿ ಬದುಕುವವರು. ಅವರು ಕೊಬ್ಬು ಕಾಯಿಸುತ್ತಿದ್ದ ದೊಡ್ಡ ಕಬ್ಬಿಣದ ಕಡಾಯಿಗಳಲ್ಲಿ ಈಗ ಕೆಂಪು ಹೂವಿನ ಗಿಡ ನೆಟ್ಟಿದ್ದಾರೆ. ಸಿಡ್ನಿಯಿಂದ ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, "ಆಹಾ, ಎಂಥಾ ಇತಿಹಾಸ" ಎಂದು ಮೂಗಿನ ತುಂಬ ಉಸಿರೆಳೆದುಕೊಳ್ಳುತ್ತಾರೆ. ಆ ಇತಿಹಾಸದ ನಾತ ನನ್ನ ಅಜ್ಜಿಗೆ ಗೊತ್ತಿತ್ತು. ಅವಳು ಸಾಯುವವರೆಗೂ ಕಿಟಕಿ ತೆರೆಯಲಿಲ್ಲ.

ಆದರೆ ಹಳೆಯದರಲ್ಲಿ ಒಂದನ್ನು ನಾವು ಬಿಟ್ಟಿಲ್ಲ. ಕೊಲ್ಲಿಯ ಬಾಯಿಗಿರುವ ಗುಡ್ಡದ ಮೇಲೆ ಒಂದು ಗುಡಿಸಲು, ಗುಡಿಸಲಿನಲ್ಲಿ ಒಂದು ಕಂಚಿನ ಗಂಟೆ, ಗಂಟೆಗೊಂದು ಹಗ್ಗ. ಜೂನಿನಲ್ಲಿ ನಮ್ಮ ಕಡೆ ಚಳಿಗಾಲ ಶುರುವಾಗಿ ತಿಮಿಂಗಿಲಗಳು ಉತ್ತರಕ್ಕೆ ಹೊರಟಾಗ, ವರ್ಷದ ಮೊದಲನೆಯದು ಕಂಡ ಕೂಡಲೇ ಹಗ್ಗ ಹಿಡಿದವರು ಗಂಟೆ ಬಾರಿಸಬೇಕು. ಗಂಟೆ ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಕಡಲಿಗೆ ಓಡಬೇಕು. ಈಟಿ ಹೋಯಿತು, ಓಟ ಉಳಿಯಿತು. ಒಮ್ಮೆ ನಮ್ಮ ಪಾದ್ರಿ ಶವಸಂಸ್ಕಾರವನ್ನು ಅರ್ಧಕ್ಕೆ ಬಿಟ್ಟು ಓಡಿದ್ದರು. ಸತ್ತವರ ಮನೆಯವರು ಪಾದ್ರಿಗಿಂತ ಮುಂದಿದ್ದರು.

ಸುಳ್ಳು ಗಂಟೆ ಬಾರಿಸಿದರೆ ಮಾತ್ರ ಮುಗಿಯಿತು. ಹಿಂದೆ ಸುಳ್ಳು ಗಂಟೆಯೆಂದರೆ ಗಂಡಸರೆಲ್ಲ ಸುಮ್ಮನೆ ಹುಟ್ಟು ಹಾಕಿ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬರಬೇಕಿತ್ತು. ಆ ಸಿಟ್ಟಿಗೆ ಅವರು ಗಂಟೆಯವನನ್ನು ದೋಣಿಯಲ್ಲಿ ಕೂರಿಸಿ, ದೋಣಿಕಟ್ಟೆಯ ಮುಂದೆ ಸುತ್ತಿಸಿ, ಹಳಸಿದ ರೊಟ್ಟಿಯಲ್ಲಿ ಹೊಡೆಯುತ್ತಿದ್ದರು. ಈಗ ರೊಟ್ಟಿಯ ಬದಲು ನನ್ನ ಬೇಕರಿಯ ಹಳಸಿದ ಬನ್ನು, ಮೇಲೆ ಗುಲಾಬಿ ಸಕ್ಕರೆ ಬಳಿದ ಉದ್ದನೆಯವು. ಯಾರ ಬನ್ನು ಮೊದಲು ತಾಗುತ್ತದೋ ಗಂಟೆಯ ಹಗ್ಗ ಇನ್ನು ಅವರದು. ಬನ್ನು ಬೇಯಿಸಿದವನೇ ತೀರ್ಪುಗಾರ, ಅಂದರೆ ನಾನು.

ಡಲ್ಸಿಗೆ ಹಗ್ಗ ಸಿಕ್ಕಿದ್ದೂ ಹೀಗೇ. ಗಂಡನನ್ನು ಓಡಿಸಿದ ವರ್ಷವೇ ಅವಳು ಹಳೆಯ ಗಂಟೆಯವನ ಕಿವಿಗೆ ಮೊದಲ ಏಟಿನಲ್ಲೇ ಬನ್ನು ಬಿಟ್ಟಿದ್ದಳು. ಆ ವರ್ಷ ಅವಳ ಗುರಿ ಬಹಳ ಚೆನ್ನಾಗಿತ್ತು. ಬೂಟು, ಗಾಳ ಎಸೆದು ಕೈ ಪಳಗಿತ್ತಲ್ಲ. ಅಂದಿನಿಂದ ಪ್ರತಿ ಚಳಿಗಾಲ ಬೆಳಗಿನಿಂದ ಸಂಜೆಯವರೆಗೆ ಗುಡಿಸಲಿನಲ್ಲಿ ಕೂತಳು, ಒಂದೇ ಒಂದು ಸುಳ್ಳು ಗಂಟೆ ಬಾರಿಸಲಿಲ್ಲ.

"ಈ ಹಗ್ಗ ಹೋದ್ರೆ ಬೆಳಗ್ಗೆ ಎದ್ದು ನಾನೇನ್ ಮಾಡ್ಲಿ ಡಗ್ಗಿ?" ಎಂದು ಒಮ್ಮೆ ಕೇಳಿದ್ದಳು. "ಆ ಕಡಾಯಿ ಹೂವಿಗೆ ನೀರು ಹಾಕ್ಲಾ? ಇಲ್ಲಿ ಕೂತ್ರೆ ಊರಿಗೆ ನಾನು ಬೇಕು. ಕೆಳಗಿಳಿದ್ರೆ ನಾನು ಬರೀ ಬಾಯಿಬಡಕಿ ಮುದುಕಿ."

ಅವಳ ಕಣ್ಣು ಮಂಜಾಗುತ್ತಿದೆಯೆಂದು ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಬೆಳಗಿನ ಬನ್ನು ಕೊಡಲು ಹೋದಾಗ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು, "ಲೋಟ ಸರಿಸ್ದೆಯೇನೋ?" ಎಂದು ನನ್ನನ್ನೇ ಬೈದಳು. ಆಪರೇಷನ್ ಮಾಡಿಸಿಕೋ ಎಂದರೆ, "ಯಾಕೆ, ಕಣ್ಣಿಗೇನಾಗಿದೆ? ನಿನ್ನ ಬೋಳು ತಲೆ ಇಲ್ಲಿಂದಾನೇ ಹೊಳೀತಿದೆ," ಎಂದಳು. ಆಪರೇಷನ್ ಎಂದರೆ ಊರಿಗೆ ತಿಳಿಯುತ್ತದೆ. ತಿಳಿದರೆ ಹಗ್ಗ ಕೇಳುತ್ತಾರೆ. ಅದಕ್ಕೇ ಹಟ.

ಹಾಗಾದರೆ ತಿಮಿಂಗಿಲ ಹೇಗೆ ಕಾಣುತ್ತಿತ್ತು? ಅವಳು ಕಡಲನ್ನು ನೋಡುತ್ತಲೇ ಇರಲಿಲ್ಲ. ಗುಡ್ಡದ ಬುಡದ ಕಪ್ಪು ಬಂಡೆಯನ್ನು ನೋಡುತ್ತಿದ್ದಳು. ಆ ಬಂಡೆಯ ಮೇಲೆ ದಿನವಿಡೀ ಗಾಳ ಹಾಕಿಕೊಂಡು ನಿಲ್ಲುವವನು ಲೆಸ್. ಮೈಮೇಲೆ ದಪ್ಪ ಹಳದಿ ಮಳೆಕೋಟು, ಜೇಬಿನಲ್ಲಿ ಮೀನಿಗೆ ಹಾಕಲು ನನ್ನ ಅಂಗಡಿಯ ಹಳಸಿದ ಬನ್ನು. ತಿಮಿಂಗಿಲ ಉಸಿರು ಚಿಮ್ಮಿಸಿದ ಕೂಡಲೇ ಅವನು ಕೋಟು ಕಳಚುತ್ತಿದ್ದ. ಒಳಗಿನದು ಕಪ್ಪು ಸ್ವೆಟರ್. ಬಂಡೆಯ ಮೇಲಿನ ಹಳದಿ ಚುಕ್ಕೆ ಮಾಯವಾದರೆ ಡಲ್ಸಿ ಹಗ್ಗ ಎಳೆಯುತ್ತಿದ್ದಳು. ಇದನ್ನು ಅವರಿಬ್ಬರೂ ಕೂತು ಮಾತಾಡಿಕೊಂಡಿದ್ದಲ್ಲ. ಒಂದು ಸಲ ಅವಳ ಕಣ್ಣೆದುರೇ ತಿಮಿಂಗಿಲ ಹಾದುಹೋದರೂ ಗಂಟೆ ಬಾರಿಸದಿದ್ದಾಗ ಅವನು ಗಾಬರಿಯಾಗಿ ಕೋಟು ಬಿಚ್ಚಿ ಬೀಸಿದ, ಅವಳಿಗೆ ಅರ್ಥವಾಯಿತು, ಅಷ್ಟೆ. ಅವನು ಕೋಟು ಕಳಚುವುದನ್ನೂ ಅವಳು ಹಗ್ಗ ಎಳೆಯುವುದನ್ನೂ ನಾನು ಕಂಡೆ, ಬಾಯಿಗೆ ಬೀಗ ಹಾಕಿಕೊಂಡೆ.

ಈ ವರ್ಷ ಜೂನ್ ತಿಂಗಳ ಮೂರು ದಿನದ ರಜೆಗೆ ಊರು ತುಂಬಿ ತುಳುಕಿತು. ಮೊದಲ ತಿಮಿಂಗಿಲ ಇನ್ನೂ ಬಂದಿರಲಿಲ್ಲ. ತಿಮಿಂಗಿಲ ತೋರಿಸುವ ದೋಣಿಯ ಮಾಲೀಕ ಟ್ರೆವ್ ಹ್ಯಾಲೊರನ್ ಪ್ರವಾಸಿಗರ ಮುಂದೆ ಹಲ್ಲು ಕಿರಿಯುತ್ತಾ ಹಿಂದಿನಿಂದ ಡಲ್ಸಿಯನ್ನು ಶಪಿಸುತ್ತಿದ್ದ. ಹಗ್ಗ ತನಗೆ ಸಿಕ್ಕರೆ ಗಂಟೆ ತೆಗೆದು ಕ್ಯಾಮೆರಾ, ಧ್ವನಿವರ್ಧಕ ಹಾಕಿಸುತ್ತೇನೆ, ಗುಡಿಸಲಿನಲ್ಲಿ ಟಿಕೇಟು ಮಾರುತ್ತೇನೆ ಎಂದು ಅವನು ಪಬ್ಬಿನಲ್ಲಿ ಕೂತು ಎಲ್ಲರಿಗೂ ಹೇಳಿಯಾಗಿತ್ತು. ಹರೆಯದಲ್ಲಿ ಅವನು ಜಿಲ್ಲೆಗೇ ಹೆಸರಾದ ವೇಗದ ಬೌಲರ್ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ದಕ್ಷಿಣದ ಗಾಳಿ ಮೂಳೆ ಕೊರೆಯುತ್ತಿತ್ತು. ನನಗೆ ಆಮೇಲೆ ತಿಳಿದಂತೆ, ಸಿಡ್ನಿಯ ಇಮೋಜೆನ್ ಎಂಬ ಹೆಂಗಸು ಗಂಡನ ಜೊತೆ ಲೆಸ್‌ನ ಬಂಡೆಗೆ ಇಳಿದಳು. ಮೈಮೇಲೆ ಕರವಸ್ತ್ರದಷ್ಟೇ ಬಟ್ಟೆ. ಫೋಟೊಗೆ ನಗಬೇಕೆಂದರೆ ಹಲ್ಲು ಕಟಕಟ ಎನ್ನುತ್ತಿತ್ತು. "ಅಂಕಲ್, ಇಲ್ಲಿ ಯಾವಾಗ್ಲೂ ಇಷ್ಟು ಚಳೀನಾ?" ಎಂದು ಲೆಸ್‌ನನ್ನು ನೋಡಿ ನಕ್ಕಳು. ಮೂವತ್ತು ವರ್ಷದಿಂದ ಯಾವ ಹೆಂಗಸೂ ಅವನನ್ನು ನೋಡಿ ನಕ್ಕಿರಲಿಲ್ಲ, ನಕ್ಕಿದ್ದರೂ ಅದು ಬೇರೆ ಕಾರಣಕ್ಕೆ. ಮುದುಕನ ತಲೆ ಕೆಟ್ಟಿತು. ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಗಾಳಿ ತಪ್ಪಿಸಿಕೊಳ್ಳಲು ಅವಳು ಕೋಟಿನ ಸಮೇತ ಬಂಡೆಯ ಮರೆಗೆ ಹೋದಳು.

ಗಂಟೆ ಮೊಳಗಿತು.

ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದೆ. ಗೆಸ್ಟ್‌ಹೌಸಿನಿಂದ ಟವೆಲ್ ಸುತ್ತಿಕೊಂಡವರು ಓಡಿದರು. ಕ್ಷೌರದಂಗಡಿಯಿಂದ ಒಬ್ಬ ಅರ್ಧ ಮುಖದ ನೊರೆಯೊಂದಿಗೆ ಓಡಿದ. ಟ್ರೆವ್ ದೋಣಿ ತುಂಬ ಜನರನ್ನು ತುರುಕಿಕೊಂಡು ಕೊಲ್ಲಿಯ ಬಾಯಿ ದಾಟಿ ಹೋಗಿ, ಬಹಳ ಹೊತ್ತು ಸುತ್ತಾಡಿ ಬಂದ. ಹೋದವರು ಕಂಡದ್ದು ತಮ್ಮ ಬೆಳಗಿನ ತಿಂಡಿಯನ್ನು ಮಾತ್ರ, ಅದೂ ದೋಣಿಯ ಅಂಚಿನಿಂದ ಬಗ್ಗಿ.

ಎಲ್ಲರೂ ಗುಡ್ಡ ಹತ್ತಿದೆವು. ಡಲ್ಸಿ ಹಗ್ಗ ಹಿಡಿದು ನಿಂತೇ ಇದ್ದಳು. ಆ ಹೊತ್ತಿಗೆ ಇಮೋಜೆನ್ ಹಳದಿ ಕೋಟು ಹಾಕಿಕೊಂಡು ನಗುತ್ತಾ ಬಂದಳು, ಅವಳ ಹಿಂದೆ ಕಪ್ಪು ಸ್ವೆಟರಿನಲ್ಲಿ ಲೆಸ್. ಕೋಟನ್ನು ಹತ್ತಿರದಿಂದ ಕಂಡದ್ದೇ ಡಲ್ಸಿಯ ಮುಖ ಸುಣ್ಣದ ಹಾಗೆ ಬಿಳಿಚಿತು. ಲೆಸ್‌ನ ಮುಖ ಅದಕ್ಕಿಂತ ಬಿಳಿ. ಅವನು ನಿಜ ಹೇಳಿದರೆ ಅವಳ ಕಣ್ಣಿನ ಗುಟ್ಟು ರಟ್ಟಾಗುತ್ತದೆ. ಸುಮ್ಮನಿದ್ದರೆ ಹಗ್ಗ ಹೋಗುತ್ತದೆ.

"ಮುಳುಗಿತೇನೋ ಡಲ್ಸಿ, ಕಂಡು ಮರೆಯಾಯ್ತೇನೋ," ಎಂದು ನಾನು ನೆಪ ಹುಡುಕಿ ಕೊಟ್ಟೆ.

"ಬಿಡೋ ಹಿಟ್ಟಿನ ಮೂತಿ," ಎಂದಳು. "ಇರ್ಲಿಲ್ಲ. ಸುಳ್ಳು ಗಂಟೆ ಬಾರಿಸ್ದೆ. ದೋಣಿ ತಯಾರು ಮಾಡಿ."

ಅವಳ ದನಿಯನ್ನು ಅಷ್ಟು ಸಣ್ಣದಾಗಿ ನಾನು ಯಾವತ್ತೂ ಕೇಳಿರಲಿಲ್ಲ.

ಭಾನುವಾರ ಚರ್ಚ್ ಬಿಟ್ಟ ಮೇಲೆ ಇಡೀ ಊರು ಕಟ್ಟೆಯ ಮೇಲೆ ಸೇರಿತು. ನಾನು ಬನ್ನಿನ ಬುಟ್ಟಿ ಹೊತ್ತುಕೊಂಡು ಹೋದೆ. ಟ್ರೆವ್ ತೋಳು ತಿರುಗಿಸಿ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಬುಟ್ಟಿಯಲ್ಲಿ ಒಂದೊಂದನ್ನೂ ಒತ್ತಿ ನೋಡಿ ಕಲ್ಲಿನಂಥದ್ದನ್ನೇ ಆರಿಸಿಕೊಂಡ.

"ಮೆತ್ತಗಿರೋದು ತಗೊಳ್ಳೋ, ಮುದುಕಿ ಅವಳು," ಎಂದೆ.

"ನಮ್ಮಪ್ಪನ ಕಿವಿಗೆ ಎಸೆದಾಗ ಅವಳು ಮೆತ್ತಗಿರೋದು ತಗೊಂಡಿದ್ಲಾ ಡಗ್?" ಎಂದ. ಹಳೆಯ ಗಂಟೆಯವನು ಅವನ ಅಪ್ಪ. ಸೇಡು ಮೂವತ್ತು ವರ್ಷದಿಂದ ಹುಳಿಯುತ್ತಾ ಬಂದಿತ್ತು.

ಡಲ್ಸಿ ಚರ್ಚಿನ ಟೋಪಿಯಲ್ಲೇ ಬಂದು ದೋಣಿಯ ಹಿಂಬದಿಗೆ ನೆಟ್ಟಗೆ ಕೂತಳು. ಹುಟ್ಟು ಹಾಕುವವರು ಯಾರು ಎಂಬ ಪ್ರಶ್ನೆ ಬಂತು. ಹುಟ್ಟು ಹಾಕುವವನಿಗೂ ಬನ್ನು ಬೀಳುತ್ತದೆ, ಹಾಗಾಗಿ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ನಾನು ಹಾಕ್ತೀನಿ," ಎಂದು ಲೆಸ್ ಇಳಿದೇಬಿಟ್ಟ. ಹಳದಿ ಕೋಟು ಮತ್ತೆ ಮೈಮೇಲಿತ್ತು.

"ಡಗ್ಗಿ, ಆ ಮನುಷ್ಯನಿಗೆ ಹೇಳು, ಇಳಿದು ಹೋಗ್ಲಿ. ಕೋಟು ದಾನ ಮಾಡೋಕೆ ಇಲ್ಲಿ ಚಂದದ ಹುಡುಗೀರು ಯಾರೂ ಇಲ್ಲ."

"ಡಗ್ಗಿ, ಆ ಹೆಂಗಸಿಗೆ ಹೇಳು, ಅಲ್ಲಾಡದೆ ಕೂತ್ಕೊಳ್ಳಲಿ. ದೋಣಿ ಮಗುಚುತ್ತೆ."

ದೋಣಿ ಕಟ್ಟೆಯಿಂದ ಸ್ವಲ್ಪ ದೂರ ಸರಿದು ನಿಂತಿತು. ನನ್ನ ಏಪ್ರನ್ ಬಿಚ್ಚಿ ಎತ್ತಿ ಹಿಡಿದೆ. ಅದನ್ನು ಕೆಳಗಿಳಿಸಿದರೆ ಎಸೆತ ಶುರು. ಟ್ರೆವ್ ಪಂದ್ಯದ ದಿನಗಳ ಹಾಗೆ ಕಟ್ಟೆಯ ಆ ತುದಿಯವರೆಗೆ ಹಿಂದಕ್ಕೆ ನಡೆದು, ಬನ್ನನ್ನು ಪ್ಯಾಂಟಿಗೆ ಉಜ್ಜಿ ನಿಂತ. ಮನಸ್ಸಿಲ್ಲದ ಮನಸ್ಸಿನಿಂದ ಏಪ್ರನ್ ಇಳಿಸಿದೆ.

ಟ್ರೆವ್ ಓಡಲು ಶುರುಮಾಡಿದ. ಉಳಿದವರೆಲ್ಲ ಅವನ ಓಟವನ್ನೇ ಬಾಯಿ ಬಿಟ್ಟುಕೊಂಡು ನೋಡಿದರು. ಅವನು ಅರ್ಧ ದಾರಿಯಲ್ಲಿರುವಾಗ ಲೆಸ್ ಹುಟ್ಟು ಕೆಳಗಿಟ್ಟ. ಕೋಟಿನ ಜೇಬಿಗೆ ಕೈ ಹಾಕಿ ಮೀನಿಗೆಂದು ತಂದಿದ್ದ ಬನ್ನು ತೆಗೆದ. ಮುಂದಕ್ಕೆ ಬಾಗಿ ಹೆಂಡತಿಯ ಹೆಗಲಿಗೆ ಮೆಲ್ಲಗೆ ತಾಗಿಸಿದ. ಅವಳ ಭಾನುವಾರದ ಕೋಟಿನ ಮೇಲೆ ಗುಲಾಬಿ ಸಕ್ಕರೆಯ ಗುರುತು ಬಿತ್ತು.

ಆಮೇಲೆ ಟ್ರೆವ್‌ನ ಬನ್ನು ಬಂದು ಲೆಸ್‌ನ ಹಣೆಗೆ ಬಡಿಯಿತು. ಒಳ್ಳೆಯ ಎಸೆತ, ಸುಳ್ಳು ಹೇಳಬಾರದು.

"ಹಗ್ಗ ಲೆಸ್ಸಿಗೆ!" ಎಂದು ಕೂಗಿದೆ.

"ಮೋಸ! ಅವನು ದೋಣಿ ಒಳಗಿದ್ದ!" ಟ್ರೆವ್‌ನ ಮುಖ ಕಡಾಯಿ ಹೂವಿನಷ್ಟು ಕೆಂಪಾಗಿತ್ತು.

"ಎಲ್ಲಿ ನಿಂತು ಹೊಡೀಬೇಕು ಅಂತ ನಿನ್ನ ತಾತ ಹೇಳಿದ್ನಾ, ನನ್ನ ತಾತ ಹೇಳಿದ್ನಾ?"

"ಅವನು ಎಸೀಲೇ ಇಲ್ಲ ಮಾರಾಯ, ಒತ್ತಿದ!"

"ಗೇಣುದ್ದ ಹಾರಿದ್ದು ನಾನು ಕಂಡೆ," ಎಂದೆ. ಕಂಡಿರಲಿಲ್ಲ. ಊರಲ್ಲಿ ಕಣ್ಣು ಮಂಜಾಗುವ ಹಕ್ಕು ಡಲ್ಸಿ ಒಬ್ಬಳಿಗೇ ಏನಲ್ಲವಲ್ಲ.

ಜನ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಉಳಿದ ಬನ್ನೆಲ್ಲ ಹೇಗೂ ಎಸೆದರು, ತಂದದ್ದನ್ನು ದಂಡ ಮಾಡಬಾರದೆಂದು. ಇಮೋಜೆನ್ ಎಸೆದದ್ದು ನನ್ನ ಬೋಳು ತಲೆಗೆ ಬಿತ್ತು. ಅಷ್ಟರ ನಡುವೆ ಡಲ್ಸಿ ಮಾತ್ರ ಹೆಗಲಿನ ಸಕ್ಕರೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾ ಕೂತಿದ್ದಳು. ಒರೆಸಿಕೊಳ್ಳಲಿಲ್ಲ.

ಸೋಮವಾರವೂ ರಜೆ. ಎಂದಿನಂತೆ ಬನ್ನಿನ ಬುಟ್ಟಿ ಹಿಡಿದುಕೊಂಡು ಗುಡಿಸಲಿಗೆ ಹೋದೆ. ಲೆಸ್ ಹಗ್ಗ ಹಿಡಿದು ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದ. ಡಲ್ಸಿ ತನ್ನ ಕುರ್ಚಿಯಲ್ಲಿದ್ದಳು, ಬರಬೇಡವೆಂದು ಅವಳಿಗೆ ಹೇಳುವ ಧೈರ್ಯ ಯಾರಿಗಿದೆ? ಇಬ್ಬರ ನಡುವೆ ಒಂದು ಫ್ಲಾಸ್ಕು. ಲೆಸ್ ಚಹಾ ಬಗ್ಗಿಸಿ ಲೋಟವನ್ನು ಅವಳ ಕೈಗೇ ಹಿಡಿಸಿದ.

ಚಹಾ ಮುಗಿಯುವ ಮೊದಲೇ ಕೊಲ್ಲಿಯ ಬಾಯಲ್ಲಿ ಬಿಳಿಯ ಉಸಿರು ಚಿಮ್ಮಿತು. ನಾನು ಕೂಗಲು ಹೊರಟವನು ಬಾಯಿ ಮುಚ್ಚಿಕೊಂಡೆ. ಲೆಸ್ ಹಗ್ಗವನ್ನು ಎಳೆಯಲಿಲ್ಲ. ಅವಳ ಕೈ ಹಿಡಿದು ಹಗ್ಗವನ್ನು ಅದರೊಳಗಿಟ್ಟು, "ಈಗ ಡಲ್ಸಿ," ಎಂದ.

ಅವಳು ಎಳೆದ ರಭಸಕ್ಕೆ ಗುಡಿಸಲು ನಡುಗಿತು. ಕೆಳಗೆ ಬಾಗಿಲುಗಳು ದಡದಡ ತೆರೆದವು. ಟವೆಲ್ಲಿನವರು ಓಡಿದರು, ಪಾದ್ರಿ ಓಡಿದರು, ಟ್ರೆವ್ ಎಲ್ಲರಿಗಿಂತ ಮುಂದೆ ಓಡಿದ. ಕಡಲಲ್ಲಿ ತಿಮಿಂಗಿಲ ಬೆನ್ನು ತೋರಿಸಿ, ಬಾಲ ಎತ್ತಿ ಬಡಿಯಿತು. ಇಡೀ ಊರು ಒಂದೇ ದನಿಯಲ್ಲಿ ಹೋ ಎಂದಿತು.

"ಕೈ ಬಿಡು," ಎಂದಳು ಡಲ್ಸಿ. "ನನಗೇನು ಕಣ್ಣು ಕಾಣಲ್ವಾ?"

"ಕಾಣುತ್ತೆ, ಕಾಣುತ್ತೆ," ಎಂದ ಲೆಸ್. ಬಿಡಲಿಲ್ಲ. ಅವಳು ಎಳೆದುಕೊಳ್ಳಲೂ ಇಲ್ಲ.

ಗದ್ದಲ ಸ್ವಲ್ಪ ತಗ್ಗಿದ ಮೇಲೆ ಅವಳು ಕುರ್ಚಿಯನ್ನು ಅವನ ಕಡೆಗೇ ತಿರುಗಿಸಿಕೊಂಡು ಕೂತಳು.

"ಈಗ ಹೇಳು ಲೆಸ್. ನನ್ನ ಪಿಯಾನೊ ಯಾರಿಗೆ ಮಾರ್ದೆ?"

ಲೆಸ್ ಬೆದರಿದ ಕಣ್ಣಿನಿಂದ ನನ್ನ ಕಡೆ ನೋಡಿದ.

"ನನ್ನನ್ನ ಯಾಕಯ್ಯಾ ನೋಡ್ತೀಯ? ಅವಳು ಕೇಳಿದ್ದು ನಿನ್ನನ್ನ," ಎಂದು ಹೇಳಿ, ಖಾಲಿ ಬುಟ್ಟಿ ಎತ್ತಿಕೊಂಡು ನಾನು ಗುಡ್ಡ ಇಳಿದೆ.