ದೊದೋಲಿನ ಪ್ರಸಾದ

ಅನ್ನವನ್ನು ಕೊಟ್ಟವನಿಗೆ ಶರಣು. ಅದನ್ನು ಹಂಚಿ ತಿನ್ನುವ ಬುದ್ಧಿಯನ್ನು ಮಕ್ಕಳಿಗೆ ಕೊಟ್ಟವನಿಗೆ ಇಮ್ಮಡಿ ಶರಣು. ಹಿರಿಯರಾದ ನಮಗೂ ಆ ಬುದ್ಧಿಯನ್ನು ಕೊಟ್ಟಿದ್ದನು. ನಾವು ಅದನ್ನು ಎಲ್ಲಿಯೋ ಜೋಪಾನವಾಗಿಟ್ಟು ಮರೆತಿದ್ದೇವೆ.

ನನ್ನ ಪೂಜೆ ದೀರ್ಘವಾದುದು. ಇದನ್ನು ನಾನು ಭಕ್ತಿಯೆನ್ನುತ್ತೇನೆ; ಮನೆಯವರು ಬೇರೆ ಹೆಸರಿನಿಂದ ಕರೆಯುತ್ತಾರೆಂದು ಬಲ್ಲೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತರೆ ನಮ್ಮ ಶಹಾಪುರದ ಮಗ್ಗಗಳ ಸದ್ದೂ ನನಗೆ ಕೇಳಿಸದು. ಲಿಂಗಕ್ಕೆ ಅರ್ಪಿಸದುದನ್ನು ಬಾಯಿಗಿಡಬಾರದೆಂಬುದು ನಮ್ಮ ಮನೆಯ ನೇಮ. ಮೊಮ್ಮಗಳು ಗೌರಿಗೂ ಅದನ್ನೇ ಕಲಿಸಿದ್ದೇನೆ.

ಈ ಸಲದ ಕ್ರಿಸ್‌ಮಸ್ಸಿನ ಸಂಜೆ, ನಮ್ಮ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವರ ಮಗಳು ಲವೀನಾ, ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಪಡಸಾಲೆಗೆ ಬಂದಳು. ಪಕ್ಕದ ಜೈನರ ಮನೆಯ ಹುಡುಗಿ ಸನ್ಮತಿ ಅಲ್ಲಿ ಗೌರಿಯೊಡನೆ ಆಡುತ್ತಿದ್ದಳು. ಬಟ್ಟೆ ಸರಿಸಿದರೆ ಕಪ್ಪಗೆ ಹೊಳೆಯುವ ತುಂಡುಗಳು.

“ಇದೇನ ಇದು, ಡಾಂಬರ ಇದ್ದಂಗ ಐತಿ!” ಎಂದಳು ಗೌರಿ.

“ಡಾಂಬರ ನಿನ್ನ ಮಾರಿ! ದೊದೋಲ್ ಅಂತಾರ ಇದಕ್ಕ. ಅಕ್ಕಿಹಿಟ್ಟು, ಬೆಲ್ಲ, ತೆಂಗಿನ ಹಾಲು, ಅಷ್ಟ. ಖಾನಾಪುರದಾಗ ನಮ್ಮಜ್ಜಿ ನಿಮ್ಮ ಸಲುವಾಗಿ ಬ್ಯಾರೆ ಪಾತೇಲಿ ಇಟ್ಟು ಮಾಡ್ಯಾಳ. ತತ್ತಿ ಹಾಕಿದ್ದು ಒಂದೂ ತಂದಿಲ್ಲ.” ಆಮೇಲೆ ಲವೀನಾಳ ದನಿ ಇಳಿಯಿತು. “ನಾವು ಮೊದಲ ಇದ್ದ ಓಣ್ಯಾಗ ಎಲ್ಲಾರೂ ಇಸ್ಕೊಂಡ್ರು, ಒಬ್ಬರೂ ತಿನ್ನಲಿಲ್ಲ. ನೀವರ ನನ್ನ ಮುಂದ ತಿನ್ರಿ. ನೀವು ತಿಂದ ಮ್ಯಾಲೆ ನಾ ತಿನ್ನಾಕಿ, ಅಜ್ಜಿ ಹಂಗ ಹೇಳ್ಯಾಳ.”

“ತಡಿ, ಅಜ್ಜ ಪೂಜಿಗೆ ಕುಂತಾನ. ಅರ್ಪಿಸಿದ ಮ್ಯಾಲೆ ತಿನ್ನೂಣು,” ಎಂದಳು ಗೌರಿ.

“ಲಗೂ ಮಾಡ್ರಿವಾ,” ಎಂದಳು ಸನ್ಮತಿ. “ಹೊತ್ತು ಮುಳುಗಿದ್ರ ನಾ ಏನೂ ತಿನ್ನಂಗಿಲ್ಲ.”

ಮಗ್ಗದ ಸದ್ದು ಕೇಳಿಸದ ಕಿವಿಗೆ ತಿಂಡಿಯ ಮಾತು ಮಾತ್ರ ಹೇಗೆ ಕೇಳಿಸಿತೆಂದು ದಯವಿಟ್ಟು ವಿಚಾರಿಸಬೇಡಿ.

ಹಲಸಿಯಿಂದ ಆಳಿದ ಕದಂಬ ಅರಸರು ಜೈನರಿಗೂ ಇತರ ಮತದವರಿಗೂ ಭೂಮಿಯನ್ನು ದಾನವಿತ್ತರೆಂದು ಓದಿದ್ದೇನೆ. ಭೂಮಿಯನ್ನು ಹಂಚುವುದು ಸುಲಭ. ಒಂದು ತಟ್ಟೆ ದೊದೋಲನ್ನು ಮೂರು ನೇಮಗಳ ನಡುವೆ ಹಂಚುವುದು ಅರಸರಿಗೂ ಕಷ್ಟವಾಗುತ್ತಿತ್ತು. ಒಬ್ಬಳು ಅರ್ಪಿಸದೆ ತಿನ್ನಳು. ಇನ್ನೊಬ್ಬಳು ಹೊತ್ತು ಮುಳುಗಿದರೆ ತಿನ್ನಳು. ತಂದವಳು ಇವರಿಬ್ಬರೂ ತಿನ್ನದೆ ತಿನ್ನಳು. ನೇಮಗಳೆಲ್ಲ ಒಳ್ಳೆಯವೇ. ಅವುಗಳ ನಡುವೆ ಅಡ್ಡಲಾಗಿ ಕುಳಿತಿದ್ದವನು ನಾನೊಬ್ಬನೇ.

ಗೌರಿ ತಟ್ಟೆಯೊಡನೆ ಪೂಜೆಯ ಕೋಣೆಗೇ ನುಗ್ಗಿದಳು. “ಅಜ್ಜಾ, ದೇವರು ನಿನ್ನ ಹಾದಿ ನೋಡ್ತಾನ, ಮುಳುಗೂ ಹೊತ್ತು ನೋಡೂದಿಲ್ಲ. ಅಲ್ಲಿ ಸನ್ಮತಿ ಬಾಯಿ ತಕ್ಕೊಂಡು ಕುಂತಾಳ!”

ಉಳಿದ ಮಂತ್ರಗಳನ್ನು ಬದಿಗಿರಿಸಿ, ಒಂದು ತುಂಡನ್ನು ಲಿಂಗಕ್ಕೆ ತೋರಿ ಕಣ್ಣು ಮುಚ್ಚಿದೆ. ಆ ಅವಸರದ ಅರ್ಪಣೆಯಲ್ಲಿ ಮನಸ್ಸು ನಿಂತಷ್ಟು ದೃಢವಾಗಿ ನನ್ನ ದೀರ್ಘ ಪೂಜೆಗಳಲ್ಲಿ ನಿಂತ ನೆನಪಿಲ್ಲ.

ಹೊರಗೆ ಬಂದಾಗ ಎದುರುಮನೆಯ ಹಂಚಿನ ಮೇಲೆ ಇನ್ನೂ ಒಂದು ಪಟ್ಟಿ ಬಿಸಿಲಿತ್ತು. ಸನ್ಮತಿ ಕಣ್ಣು ಮುಚ್ಚಿ ಕಚ್ಚಿದಳು, ಗೌರಿಯೂ ಕಚ್ಚಿದಳು. ಲವೀನಾ ಉಸಿರು ಹಿಡಿದು ಅವರ ಬಾಯಿಗಳನ್ನೇ ನೋಡುತ್ತಿದ್ದಳು.

“ಹ್ಯಾಂಗೈತಿ?”

“ಹಲ್ಲಿಗಿ ಅಂಟಗೊಂಡೈತಿ,” ಎಂದಳು ಸನ್ಮತಿ. “ಇನ್ನೊಂದ ಕೊಡ, ಲಗೂ!”

ಆಗ ಲವೀನಾ ನಕ್ಕು, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು. ನಾನು ಸವಿದ ತುಂಡು ನನ್ನ ಕಟ್ಟಿಸಿದ ಹಲ್ಲುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟಿತು. ಪ್ರಸಾದತತ್ತ್ವದ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೆ, ಮಕ್ಕಳು ಪಾರಾದರು.

ನಮ್ಮನ್ನು ಕಾಣದೆಯೇ ನಮ್ಮ ನೇಮಕ್ಕಾಗಿ ಬೇರೆ ಪಾತ್ರೆಯನ್ನಿಟ್ಟು, ಒಲೆಯ ಮುಂದೆ ಕೈಸೋಲುವಷ್ಟು ಮಗುಚಿದ ಖಾನಾಪುರದ ಆ ತಾಯಿ ನೂರ್ಕಾಲ ಬಾಳಲಿ. ಈ ಮೂವರು ಮಕ್ಕಳ ನಾಲಗೆಗೆ ಇನ್ನೂ ಅರಿಯದ ರುಚಿಗಳು ಬಹಳವಾಗಿ ದೊರೆಯಲಿ. ಅವರ ನೇಮಗಳೂ ಉಳಿಯಲಿ, ಗೆಳೆತನವೂ ಉಳಿಯಲಿ. ಸನ್ಮತಿಯ ಎರಡನೆಯ ತುಂಡು ಗಂಟಲಿಳಿಯುವವರೆಗೆ ಹಂಚಿನ ಮೇಲೆ ತಡೆದು ನಿಂತ ಆ ಸೂರ್ಯನಿಗೂ ಒಳ್ಳೆಯದಾಗಲಿ.